ಯಾರ ಮನಿ ಹೆಪ್ಪು?

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ವಿವರಿಸುವ ಚಟ. ಕಲಬುರಗಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿದ್ದರಿಂದ ಅಂಟಿಕೊಂಡದ್ದು. ತರಗತಿಯಲ್ಲಿ ಇದರಿಂದ ಯಾರಿಗೂ ಅಪಾಯವಿಲ್ಲ, ಅಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅಪಾಯವಿರುವುದು ಮನೆಯಲ್ಲಿ. ಹೆಂಡತಿ ಹುಣಸೆಹಣ್ಣು ನೆನೆಹಾಕಿದರೆ ನಾನು ಆಮ್ಲದ ಗುಣ ಹೇಳಲು ಶುರುಮಾಡುತ್ತೇನೆ, ಅವಳು ಮಿಕ್ಸರ್ ಶುರುಮಾಡುತ್ತಾಳೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಅದನ್ನೂ ವಿಸ್ತರಿಸಬಾರದಿತ್ತೋ ಏನೋ.

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕಮಲಾಪುರದವರು. ಲೆಕ್ಚರರ್ ಎಂದು ಎಷ್ಟು ತಿದ್ದಿದರೂ ನನ್ನನ್ನು ‘ಮಾಸ್ತರ್ರ’ ಎಂದೇ ಕರೆಯುತ್ತಾರೆ. ಸಕ್ಕರೆ ಕಾಯಿಲೆ ಬಂದ ಮೇಲೆ ತಮ್ಮದೇ ತೋಟದ ಕೆಂಪು ಬಾಳೆಹಣ್ಣನ್ನು ಬಂದವರಿಗೆ ಕೊಟ್ಟು, ಅವರು ತಿನ್ನುವುದನ್ನು ನೋಡುವುದಷ್ಟೇ ಅವರ ಪಾಲಿಗೆ ಉಳಿದಿತ್ತು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಸಿಕೊಂಡು, ಅದನ್ನು ‘ಸೂಜಿ’ ಎಂದು ಕರೆದು, ನೆಮ್ಮದಿಯಾಗಿದ್ದರು. ತೊಂಬತ್ತರ ದಶಕದ ಒಂದು ಯುಗಾದಿಗೆ ಹೋದಾಗ ಊಟವಾದ ಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು, "ಏನ್ ಹಾಕಿ ಮಾಡ್ತಾರೋ ಏನೋ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ನನಗೆ ಹಾಗೆ ಕೇಳಿಸಿತು. ದನದ, ಹಂದಿಯ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆಯುವ ಬಗೆಯನ್ನು, ಗ್ರಂಥಿಯ ಆಕಾರವನ್ನು ಕೈಯಲ್ಲಿ ತೋರಿಸುತ್ತ, ಹತ್ತು ನಿಮಿಷ ವಿವರಿಸಿದೆ. ಅತ್ತೆಯ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. ಜನ್ಮದಲ್ಲಿ ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟಿದವರಲ್ಲ. ಎದ್ದು ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದು, "ಇನ್ನ ನನಗ ಸೂಜಿ ಬ್ಯಾಡ" ಎಂದರು. ಯಾರು ಹೇಳಿದರೂ ಕೇಳಲಿಲ್ಲ.

"ಓಣ್ಯಾಗ ಹೋಗೋ ಮಾರೀನ್ನ ಮನಿಗಿ ಕರದ್ರಿ ನೀವು" ಎಂದು ಹೆಂಡತಿ ತಿರುಗಿ ಬರುವಾಗ ಬಸ್ಸಿನಲ್ಲಿ ಅರ್ಧದಾರಿಯ ಮಹಾಗಾಂವ ಬರುವವರೆಗೂ ಹೇಳಿದಳು. ಅಲ್ಲಿಂದಾಚೆಗೆ ಅದನ್ನೂ ಹೇಳಲಿಲ್ಲ. ಮೂರು ವಾರ ನಮ್ಮ ಮನೆಯಲ್ಲಿ ಊಟ ಇತ್ತು, ಮಾತಿರಲಿಲ್ಲ. ಆಮೇಲೆ ಭಾವಮೈದುನನ ಫೋನು ಬಂತು. ಅತ್ತೆಯ ಕಾಲಿನ ಹೆಬ್ಬೆರಳ ಹುಣ್ಣು ಮಾಯುತ್ತಿಲ್ಲ, ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದಾರಂತೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಪಾಠದಿಂದ ಪ್ರಯೋಜನವಾಗದಿರುವುದು ನನಗೆ ರೂಢಿ, ಬೆರಳು ಹೋಗುವುದು ಹೊಸದು.

ಜಗತ್ ಸರ್ಕಲ್ ಹತ್ತಿರದ ಔಷಧಿ ಅಂಗಡಿಯವರು ನನ್ನ ಗೋಳು ಕೇಳಿ, "ಆ ಚಿಂತಿ ಬಿಡ್ರಿ ಸರ, ಈಗ ಹೊಸಾದು ಬಂದದ, ಹ್ಯೂಮನ್ ಇನ್ಸುಲಿನ್" ಎಂದು ಬಾಟಲಿ ಮುಂದಿಟ್ಟರು. ಬ್ಯಾಕ್ಟೀರಿಯಾದ ಒಳಗೆ ಮನುಷ್ಯನ ಜೀನು ಸೇರಿಸಿ ತಯಾರಿಸುವ ಈ ವಿದ್ಯೆಯನ್ನು ನಾನೇ ಪಾಠದಲ್ಲಿ ಹೇಳುತ್ತಿದ್ದೆ. ಅದು ಜಗತ್ ಸರ್ಕಲ್ಲಿಗೆ ಬಂದದ್ದು ಮಾತ್ರ ಗೊತ್ತಿರಲಿಲ್ಲ. ಚಹಾದ ಥರ್ಮಾಸಿನಲ್ಲಿ ತಣ್ಣೀರು ಹಾಕಿ, ಬಾಟಲಿಯನ್ನು ಅದರಲ್ಲಿಟ್ಟುಕೊಂಡು ಹೊರಟೆವು. "ಅಲ್ಲಿ ನೀವು ಬಾಯಿ ತಗೀಬ್ಯಾಡ್ರಿ, ನಾ ಹೇಳ್ತೀನಿ" ಎಂದು ಹೆಂಡತಿ ತಾಕೀತು ಮಾಡಿದ್ದಳು. ಅತ್ತೆಯ ಮನೆ ಮುಟ್ಟಿ ಅವಳು ಹತ್ತಿ ತರಲು ಒಳಗೆ ಹೋದಳು, ಅಷ್ಟೇ. ನಾನು ಧೈರ್ಯ ತುಂಬುವ ದನಿಯಲ್ಲಿ, "ಅತ್ತಿ, ಇದು ದನದ್ದಲ್ರೀ, ಹಂದೀದೂ ಅಲ್ಲ. ಮನುಷ್ಯಾಂದು" ಎಂದೆ.

ಅತ್ತೆ ಥರ್ಮಾಸನ್ನೂ ನನ್ನನ್ನೂ ನೋಡಿದರು. "ಸತ್ತಾಂವಂದೋ, ಬದುಕಿದ್ದಾಂವಂದೋ?" ಎಂದು ಕೇಳಿದರು.

ಹತ್ತಿ ಹಿಡಿದು ಬಂದ ಹೆಂಡತಿ ಹೊಸ್ತಿಲಲ್ಲೇ ನಿಂತು ಕಣ್ಣು ಮುಚ್ಚಿಕೊಂಡಳು. ಕಾಲೇಜಿನಲ್ಲಿ ಒಂದು ತಿಂಗಳು ಹಿಡಿಯುವ ಪಾಠವನ್ನು ನಾನು ಒಂದೇ ಉಸಿರಿನಲ್ಲಿ ಹೇಳಬೇಕಾಯಿತು. "ಹಂಗಲ್ರೀ ಅತ್ತಿ. ಹಾಲಿಗಿ ಹೆಪ್ಪು ಹಾಕ್ತೀರಿ, ಮಸರಾಗ್ತದ. ಮಾಡೋರು ಯಾರು? ಕಣ್ಣಿಗಿ ಕಾಣದ ಹುಳ. ಅಂಥಾ ಹುಳಕ್ಕ ನಮ್ಮ ಮೈ ಇನ್ಸುಲಿನ್ ಮಾಡೋ ರೀತಿ ಕಲಿಸ್ಯಾರ. ರೀತಿ ಅಷ್ಟೇ ಮನುಷ್ಯಾಂದು, ಕೆಲಸ ಹುಳದ್ದು. ಯಾರನ್ನೂ ಕೊಯ್ಯಂಗಿಲ್ಲ, ದೊಡ್ಡ ಹಂಡೇದಾಗ ಬೆಳಸ್ತಾರ."

"ಏನು ತಿಂತಾವ?"

"ಸಕ್ಕರಿ ನೀರು."

"ನನಗ ಬ್ಯಾಡಂದ ಸಕ್ಕರಿ ಅವು ತಿಂತಾವ" ಎಂದರು ಅತ್ತೆ. ಅಸೂಯೆಯೋ ಸಮಾಧಾನವೋ ತಿಳಿಯಲಿಲ್ಲ. ಆ ಓಣಿಯ ಅರ್ಧ ಮನೆಗಳ ಮೊಸರಿಗೆ ಹೆಪ್ಪು ಅವರ ಗಡಿಗೆಯಿಂದಲೇ ಹೋದದ್ದು. ಹೆಪ್ಪಿನ ವಿಷಯದಲ್ಲಿ ಅವರನ್ನು ಏಮಾರಿಸಲಾಗದು. "ಅದೆಲ್ಲ ಖರೇ. ಯಾರ ಮನಿ ಹೆಪ್ಪು?" ಎಂದರು.

ಇಪ್ಪತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಉತ್ತರವೂ ನನಗೆ ಗೊತ್ತು. ಆ ಬ್ಯಾಕ್ಟೀರಿಯಾದ ಸ್ವಂತ ಮನೆ ಮನುಷ್ಯನ ದೊಡ್ಡ ಕರುಳು. ಬೆಳಿಗ್ಗೆ ತಂಬಿಗೆ ಹಿಡಿದು ಹೋಗುವವರೆಲ್ಲ ಅದನ್ನು ಕೋಟಿಗಟ್ಟಲೆ ಬಿಟ್ಟು ಬರುತ್ತಾರೆ. ಅದರ ಹೆಸರು, ಕುಲ, ಗೋತ್ರ, ಅದನ್ನೇ ಏಕೆ ಆರಿಸಿದರು ಎಂಬ ಮೂರು ಕಾರಣಗಳು, ಎಲ್ಲವೂ ನಾಲಗೆಯ ತುದಿಗೆ ಬಂದು ನಿಂತವು. ಅತ್ತೆಯ ಕಾಲಿನ ಬಟ್ಟೆಯ ಪಟ್ಟಿ ಕಣ್ಣಿಗೆ ಬಿತ್ತು. ಹೆಂಡತಿ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ರೀ ಅತ್ತಿ" ಎಂದೆ. ಬೆವರು ಬಂದಿತ್ತು.

ಅತ್ತೆ ನನ್ನ ಮುಖವನ್ನು ದಿಟ್ಟಿಸಿದರು. "ನಿಮಗ ಗೊತ್ತದ. ಮಾರಿ ಮ್ಯಾಲೇ ಕಾಣಸ್ತದ" ಎಂದು ಸೂಜಿಗಾಗಿ ಮಗಳತ್ತ ತೋಳು ಚಾಚಿದರು. "ಆದ್ರೂ ಗೊತ್ತಿಲ್ಲ ಅಂದ್ರಲ್ಲ, ಈಗ ಶ್ಯಾಣ್ಯಾರ ಆದ್ರಿ ಮಾಸ್ತರ್ರ."