ಸುನಂದಾಬಾಯಿಯ ಚಮಚ

ಎಲ್ಲಕ್ಕೂ ಮೂಲ ಒಂದು ಹಲಗೆ. ಬ್ರಹ್ಮಪುರದ ಓಣಿಯಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡಿದ್ದ ಧರ್ಮಣ್ಣ, ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ ಹುಮ್ಮಸ್ಸಿಗೆ ಅಂಗಡಿ ಮುಂದೆ ಬರೆಸಿ ಹಾಕಿದ: "ಹಸಿ ಕಸ ಕೊಡಿರಿ, ಗಿಡ ಒಯ್ಯಿರಿ." ಕಸದಿಂದ ಗೊಬ್ಬರ, ಗೊಬ್ಬರದಿಂದ ಗಿಡ, ಗಿಡದಿಂದ ಹೊಟ್ಟೆಪಾಡು. ವಿಚಾರ ಸರಳವಾಗಿತ್ತು. ಓಣಿಯವರು ಅಷ್ಟು ಸರಳ ಇರಲಿಲ್ಲ.

ಮೊದಲ ದಿನವೇ ಎಡಮನೆಯ ಜಯದೇವಿ ಬಕೆಟ್ಟು ತಂದು, ಗೊಬ್ಬರಕ್ಕೆಂದು ಅಂಗಡಿ ಪಕ್ಕ ತೋಡಿದ್ದ ಕುಣಿಯಲ್ಲಿ ಬೋರಲು ಹಾಕಿದಳು. ಬದನೆಕಾಯಿ ತೊಟ್ಟು, ಕುದಿಸಿದ ಚಹಾಪುಡಿ, ಅವುಗಳ ಮೇಲೆ ಒಂದು ಚಪ್ಪಲಿ.

"ಚಪ್ಪಲಿ ಯಾಕ್ರಿ ಅಕ್ಕಾ?"

"ಮಳ್ಯಾಗ ತೋಯ್ದದ ನೋಡ್ರಿ. ಹಸೀನೇ ಅದ."

ಬಲಮನೆಯ ಸುನಂದಾಬಾಯಿ ಮೂರು ದಿನದ ಪುಂಡಿಪಲ್ಯವನ್ನು ಪಾತ್ರೆ ತೊಳೆದ ನೀರಿನ ಸಮೇತ ಸುರಿದಳು. ಹದಿನೈದು ದಿನಕ್ಕೆ ಕುಣಿ ಗುಳುಗುಳು ಅನ್ನತೊಡಗಿತು. ಬಂದ ಗಿರಾಕಿಗಳು ಮೂಗು ಮುಚ್ಚಿಕೊಂಡೇ ಗುಲಾಬಿ ಆರಿಸಿದರು, ಆಮೇಲೆ ಬರುವುದನ್ನೇ ಬಿಟ್ಟರು. ಕಸವನ್ನು ಆಗಾಗ ತಿರುವಿ ಹಾಕಬೇಕು, ಒಣಗಿದ್ದನ್ನು ಬೆರೆಸಬೇಕು ಎಂಬುದೆಲ್ಲ ವಿಡಿಯೊದ ಎರಡನೇ ಭಾಗದಲ್ಲಿತ್ತು. ಧರ್ಮಣ್ಣ ಮೊದಲನೆಯದನ್ನಷ್ಟೇ ನೋಡಿದ್ದ.

ಕೊನೆಗೆ ಒಂದು ನಸುಕಿನಲ್ಲಿ ಆ ರಾಡಿಯನ್ನೆಲ್ಲ ಟೆಂಪೋಕ್ಕೆ ತುಂಬಿಸಿ, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಿದ್ದ ಯಮನಮ್ಮನ ಹೊಲಕ್ಕೆ ಕಳಿಸಿ ಕೈ ತೊಳೆದುಕೊಂಡ. ಖಾಲಿ ಕುಣಿಗೆ ತಾಡಪತ್ರಿ ಹೊದಿಸಿದ.

"ಗೊಬ್ಬರ ಹಣ್ಣಾಗಾಕತ್ತದ. ಯಾರೂ ತೆರದು ನೋಡಬ್ಯಾಡ್ರಿ, ಹುಳ ಅಂಜ್ತಾವ," ಎಂದು ಓಣಿಗೆಲ್ಲ ಸಾರಿದ. ಹುಳಗಳ ಮರ್ಯಾದೆಗೆ ಓಣಿ ಮೂರು ತಿಂಗಳು ತಡೆದುಕೊಂಡಿತು.

ಅಷ್ಟಕ್ಕೂ ಓಣಿಗೆ ಆಗ ಬೇರೆ ಕೆಲಸವಿತ್ತು. ಸುನಂದಾಬಾಯಿಯ ಸ್ಟೀಲಿನ ಚಮಚ ಕಳೆದಿತ್ತು. ಹಿಡಿಯ ಮೇಲೆ ಹೆಸರು ಕೆತ್ತಿಸಿದ ಚಮಚ. ನಮ್ಮ ಕಡೆ ಕೂಸಿಗೆ ಹೆಸರಿಡುವುದು ತಡವಾದೀತು, ಪಾತ್ರೆಗೆ ತಡವಾಗುವುದಿಲ್ಲ. ಸಕ್ಕರೆ ಕೇಳಲು ಬಂದಿದ್ದ ಜಯದೇವಿಯೇ ಒಯ್ದಳೆಂದು ಆಕೆಯ ಗುಮಾನಿ. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು, ಬೈಗುಳ ಮಾತ್ರ ಬಿಟ್ಟಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಪಾಲಿಕೆಯ ಗೌತಮಿ ಮೇಡಮ್ಮರ ಫೋನು ಬಂತು.

"ಪಾರ್ಕಿನ ಕೆಲಸಕ್ಕ ಅರ್ಜಿ ಹಾಕೀರಲ್ಲ, ಇವತ್ತು ನಾಕಕ್ಕ ನಿಮ್ಮ ಗೊಬ್ಬರ ನೋಡಾಕ ಬರ್ತೀನ್ರಿ. ಓಣಿ ಕಸದ್ದ ಗೊಬ್ಬರ ಮಾಡಿದವರಿಗೇ ಪಾರ್ಕು."

ಧರ್ಮಣ್ಣ ತಾಡಪತ್ರಿ ಎತ್ತಿ ಖಾಲಿ ಕುಣಿ ನೋಡಿದ. ಓಣಿ ಕಸವನ್ನೆಲ್ಲ ಗೊಬ್ಬರ ಮಾಡಿದ್ದೇನೆಂದು ಅರ್ಜಿಯಲ್ಲಿ ಅವನೇ ಕೊಚ್ಚಿಕೊಂಡಿದ್ದ. ಪಾರ್ಕು ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ನರ್ಸರಿಗೆ ಬೀಗ ಹಾಕಿ, ಹೆಂಡತಿಯ ಅಣ್ಣನ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೇ ಗತಿ. ಆ ಅಣ್ಣನ ಮುಖ ನೆನೆದವನೇ, ತನ್ನಲ್ಲಿ ಉಳಿದಿದ್ದ ಇಪ್ಪತ್ತು ಒಳ್ಳೆಯ ಮಲ್ಲಿಗೆ ಸಸಿಗಳನ್ನು ಟೆಂಪೋಕ್ಕೆ ಏರಿಸಿ, ಯಮನಮ್ಮನಲ್ಲಿ ಗೊಬ್ಬರ ಸಿಕ್ಕೀತೆಂದು ಕಮಲಾಪುರಕ್ಕೆ ಹೊರಟ.

ಯಮನಮ್ಮನ ಬಾಳೆಯ ನೆರಳಿನಲ್ಲಿ ಗೊಬ್ಬರದ ರಾಶಿ ಬಿದ್ದಿತ್ತು. ಕಪ್ಪಗೆ, ಚಹಾಪುಡಿಯಂತೆ ಉದುರುದುರು. ಮೊದಲ ಮಳೆಯ ವಾಸನೆ.

"ಯಕ್ಕಾ, ಇದರಾಗ ಏನೇನ್ ಹಾಕೀರಿ?"

"ಮಂದಿ ಬ್ಯಾಡಂದದ್ದು ಹಾಕೀನಿ. ಮ್ಯಾಲೆ ಬಾಳಿದಿಂಡು, ತೊಗರಿ ಹೊಟ್ಟು, ಸಗಣಿ. ವಾರಕ್ಕೊಮ್ಮಿ ತಿರುವಿ ಹಾಕ್ತೀನಿ. ನೀವು ಹೆಂಗ ಮಾಡ್ತೀರಿ?"

"ನಾವೂ ಹಂಗೇ," ಎಂದ ಧರ್ಮಣ್ಣ. "ಹತ್ತು ಚೀಲ ಬೇಕಿತ್ತು. ಬದಲಿಗೆ ಮಲ್ಲಿಗಿ ಸಸಿ ತಂದೀನಿ."

ಯಮನಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಏನೋ ಹೇಳಲು ಹೋಗಿ ನಕ್ಕಳು. "ಒಯ್ರಿ. ನಿಮಗ ಇಲ್ಲ ಅನ್ನಾಕ ಆಗ್ತದೇನು? ಮದಲ ನೀರು ಕುಡೀರಿ," ಎಂದು ಸ್ಟೀಲಿನ ಗಿಲಾಸು ಕೊಟ್ಟಳು. ಅವನಿಗೆಲ್ಲಿ ಪುರುಸೊತ್ತು. ಗಟಗಟ ಕುಡಿದು, ಗಿಲಾಸನ್ನು ರಾಶಿಯ ಮೇಲಿಟ್ಟು ಸಲಿಕೆ ಹಿಡಿದ.

ಮೂರೂವರೆಗೆ ಟೆಂಪೋ ಓಣಿಗೆ ಬಂದಾಗ ಜಯದೇವಿ ಕಟ್ಟೆಯ ಮೇಲೆಯೇ ಕೂತಿದ್ದಳು.

"ಏನ್ರಿ ಅದು?"

"ಕೆಂಪು ಮಣ್ಣು."

"ಕರ್ರಗ ಕಾಣಾಕತ್ತದಲ್ಲ."

"ನೆರಳಿನಾಗ ಹಂಗ ಕಾಣ್ತದ್ರಿ ಅಕ್ಕಾ. ಒಳಗ ನಿಮ್ಮ ಹಾಲು ಉಕ್ಕಾಕತ್ತದೇನೋ ನೋಡ್ರಿ."

ಜಯದೇವಿ ಒಳಗೆ ಓಡಿದಳು. ಅವಳು ಒಲೆ ಹೊತ್ತಿಸಿಯೇ ಇಲ್ಲವೆಂದು ತಿಳಿದು ಹೊರಗೆ ಬರುವಷ್ಟರಲ್ಲಿ ಚೀಲಗಳೆಲ್ಲ ಕುಣಿಯಲ್ಲಿ ಖಾಲಿಯಾಗಿ ತಾಡಪತ್ರಿ ಮುಚ್ಚಿತ್ತು.

ನಾಲ್ಕಕ್ಕೆ ಸರಿಯಾಗಿ ಗೌತಮಿ ಮೇಡಂ ಸ್ಕೂಟರಿನಿಂದ ಇಳಿದರು. ಹಿಂದೆ ಅರ್ಧ ಓಣಿ ನೆರೆಯಿತು.

"ನಿಮ್ಮ ಅಂಗಡಿ ಹುಡಕೋದೇ ಬೀಳಲಿಲ್ಲ ನೋಡ್ರಿ. ಜಗತ್ ಸರ್ಕಲ್‌ದಿಂದ ನಿಮ್ಮ ಬಾಗಲತನಾ ಗೊಬ್ಬರದ ಗೆರಿ ಬಿದ್ದದ."

"ಗಿರಾಕಿ ಒಯ್ದಾರ್ರಿ. ಚೀಲ ತೂತು ಇತ್ತು," ಎಂದ ಧರ್ಮಣ್ಣ ಬೆವರು ಒರೆಸಿಕೊಂಡ.

ಮೇಡಂ ಒಂದು ಹಿಡಿ ಎತ್ತಿ ಮೂಸಿದರು. "ಛಲೋ ಆಗೇದ. ಆದರ ಇದು ಇದೇ ಓಣಿ ಕಸದ್ದು ಅಂತ ಹೆಂಗ ನಂಬಲಿ? ಎಲ್ಲಿಂದರೆ ತಂದು ಸುರುವಿದ್ರ?"

ಮೇಡಂ ಇನ್ನಷ್ಟು ಆಳಕ್ಕೆ ಕೈ ಹಾಕಿದರು. ಏನೋ ತಗುಲಿತು. ಎಳೆದರೆ, ಚಮಚ. ಒರೆಸಿ ಓದಿದರು: "ಸುನಂದಾ."

"ಯವ್ವಾ, ನಂದು," ಎಂದಳು ಸುನಂದಾಬಾಯಿ.

"ಮೂರು ತಿಂಗಳು ನನಗ ಕಳ್ಳಿ ಅಂದಾಳ್ರಿ ಈಕಿ," ಎಂದು ಜಯದೇವಿ ಸೆರಗು ಬಿಗಿದಳು. "ತಾನೇ ಪುಂಡಿಪಲ್ಯದ ಜೋಡಿ ಒಗದಾಳ. ಎಲ್ಲಾರೂ ಕೇಳ್ರಿ."

ಮೇಡಂ ನಕ್ಕರು. "ಇದಕ್ಕಿಂತ ಬ್ಯಾರೆ ಸಾಕ್ಷಿ ಬೇಕಿಲ್ಲ. ಓಣಿ ಕಸದ್ದೇ ಗೊಬ್ಬರ."

ಬ್ರಹ್ಮಪುರದ ಚಮಚ ಕಮಲಾಪುರದ ಗೊಬ್ಬರಕ್ಕೆ ಹೇಗೆ ಬಂತೆಂದು ಧರ್ಮಣ್ಣ ಬಾಯಿ ತೆರೆದು ನಿಂತ. ನಿಧಾನಕ್ಕೆ ಹೊಳೆಯಿತು. ತಾನೇ ಒಗೆದ ಕಸವನ್ನು ಇಪ್ಪತ್ತು ಮಲ್ಲಿಗೆ ಕೊಟ್ಟು ಮರಳಿ ತಂದಿದ್ದ. ಆದರೂ ಅವನಿಗೆ ಸಂಕಟವಾಗಲಿಲ್ಲ, ಕುಣಿಯುವಷ್ಟು ಖುಷಿಯಾಯಿತು. ಮೇಡಂ ಸಹಿ ಮಾಡಲು ಪೆನ್ನು ತೆಗೆದಿದ್ದರು.

"ತಡೀರಿ ಮೇಡಂ," ಎಂದಳು ಜಯದೇವಿ. "ನಮ್ಮ ಚಹಾ ಸೋಸೋ ಜಾಲರಿ ಸುದ್ದ ಕಳದದ." ಯಾರಾದರೂ ಬೇಡ ಅನ್ನುವುದರೊಳಗೆ ಮೊಣಕೈವರೆಗೆ ಕೈ ಇಳಿಸಿ ಕೆದಕಿದಳು. ಜಾಲರಿ ಸಿಗಲಿಲ್ಲ. ಗಿಲಾಸು ಸಿಕ್ಕಿತು. ಸೆರಗಿನಿಂದ ಒರೆಸಿ ದೊಡ್ಡ ದನಿಯಲ್ಲಿ ಓದಿದಳು: "ಯಮನಮ್ಮ, ಕಮಲಾಪುರ."

ಓಣಿಯೆಲ್ಲ ಗಿಲಾಸಿನ ಮೇಲೆ ಬಗ್ಗಿತು.

"ಕಮಲಾಪುರದಾಕಿ ನಮ್ಮ ಓಣ್ಯಾಗ ಯಾವಾಗ ಬಂದು ಕಸ ಚೆಲ್ಲಿದಳ್ರಿ?" ಎಂದಳು ಸುನಂದಾಬಾಯಿ.

ಮೇಡಂ ಚಮಚ ನೋಡಿದರು, ಗಿಲಾಸು ನೋಡಿದರು, ರಸ್ತೆಯ ಮೇಲಿನ ಕರಿ ಗೆರೆಯನ್ನೂ ನೋಡಿದರು. ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಆಕೀಗೆ ಫೋನ್ ಹಚ್ರಿ, ಧರ್ಮಣ್ಣ. ಎಲ್ಲಾರಿಗೂ ಕೇಳಂಗ."

"ಹೌದ್ರಿ ಬಾಯಾರ," ಎಂದಿತು ಫೋನಿನಲ್ಲಿ ಯಮನಮ್ಮನ ದನಿ. "ಕಸ ಅವರದೇ. ನಾ ತಿರುವಿ ಹಾಕೀನಿ ಅಷ್ಟ. ಇವತ್ತ ಬಂದು ಮತ್ತ ಬೇಕಂದ್ರು, ಕೊಟ್ಟೆ. ಅವರದು ಅವರಿಗೆ ಇಲ್ಲ ಅನ್ನಾಕ ಬರ್ತದೇನ್ರಿ?"

ಮೇಡಂ ಅಲ್ಲೇ ನಿಂತು ತೀರ್ಪು ಕೊಟ್ಟರು. ಗೊಬ್ಬರ ಮಾಡಿದಾಕೆಗೆ ಪಾರ್ಕು. ಓಣಿಯ ಹಸಿ ಕಸವನ್ನು ದಿನಾ ಕೂಡಿಹಾಕಿ ಕಮಲಾಪುರಕ್ಕೆ ಮುಟ್ಟಿಸುವ ಕೆಲಸ ಧರ್ಮಣ್ಣನಿಗೆ, ಹಲಗೆ ಅವನೇ ಬರೆಸಿದ್ದರಿಂದ.

"ಬರೋಬರಿ ಆತ್ರಿ," ಎಂದಳು ಯಮನಮ್ಮ. "ಆ ಮಲ್ಲಿಗಿ ಸಸಿ ಪಾರ್ಕಿನಾಗೇ ಹಚ್ತೀನಿ. ನೀರು ಹಾಕಾಕ ಒಬ್ಬಾಂವ ಬೇಕಾಗ್ತಾನ. ಧರ್ಮಣ್ಣಗ ಪುರುಸೊತ್ತು ಅದ ಏನು ಕೇಳ್ರಿ. ಹಂಗೇ ನನ್ನ ಗಿಲಾಸು ಕಳಸಾಕ ಹೇಳ್ರಿ."

ಮೇಡಂ ಹೋದರು, ಮಂದಿ ಕರಗಿತು. ಧರ್ಮಣ್ಣ ಕುಣಿಯ ದಂಡೆಯ ಮೇಲೆ ಕೂತು ಹೆಂಡತಿಯ ಅಣ್ಣನನ್ನು ನೆನೆಯುತ್ತಿದ್ದಾಗ ಜಯದೇವಿ ತುಂಬಿದ ಬಕೆಟ್ಟು ಹೊತ್ತು ಬಂದಳು. ಹಿಂದೆಯೇ ಸುನಂದಾಬಾಯಿ, ಇನ್ನೊಂದು ಬಕೆಟ್ಟಿನೊಂದಿಗೆ. ಇಬ್ಬರೂ ನಗುತ್ತ ಮಾತಾಡಿಕೊಳ್ಳುತ್ತಿದ್ದರು.

"ಈಗ ಕುಣಿ ತೆರದದಲ್ಲ, ಹುಳ ಏನೂ ಅಂಜಂಗಿಲ್ಲಲ್ರಿ?" ಎಂದು ಜಯದೇವಿ ಬೋರಲು ಹಾಕಿದಳು.

ಎಲ್ಲಕ್ಕೂ ಮೇಲೆ, ಮೊದಲ ದಿನ ಬಿದ್ದಿದ್ದ ಚಪ್ಪಲಿಯ ಜೋಡಿ ಬಿತ್ತು.

"ಗಿಡ ಯಾವಾಗ ಕೊಡ್ತೀರಿ?" ಎಂದಳು.