ಶ್ವಾಸಕೋಶಕ್ಕೆ ಹೋದ ರೊಟ್ಟಿ

ಶಲವಡಿಯ ಒಂದು ಪ್ರೌಢಶಾಲೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಜೋಳದ ರೊಟ್ಟಿಯ ಚೂರೊಂದು ನೇರ ಶ್ವಾಸಕೋಶಕ್ಕೆ ಹೋಯಿತು. ಹೋದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ. ಆದರೂ ವಿಜ್ಞಾನದ ದಿನಕರ ಮಾಸ್ತರರ ಎದೆ ಧಸಕ್ಕೆಂದಿತು.

ಶಾಲೆಗೊಂದರಂತೆ ಕಂಪ್ಯೂಟರಿನಲ್ಲಿ ಓಡುವ ಚಿತ್ರಗಳ ಪಾಠ ತಯಾರಿಸಿ ಸಂಜೆ ನಾಲ್ಕರೊಳಗೆ ತಾಲೂಕು ಶಿಕ್ಷಣ ಕಚೇರಿಗೆ ಕಳಿಸಬೇಕಿತ್ತು. ಆಯ್ಕೆಯಾದವರಿಗೆ ಬೇಸಿಗೆಯ ಮನೆಮನೆ ಸಮೀಕ್ಷೆಯಿಂದ ವಿನಾಯಿತಿ. ಹೋದ ವರ್ಷ ಏಪ್ರಿಲ್ ಬಿಸಿಲಲ್ಲಿ ಅಲೆದು, ಊರ ನಾಯಿಗಳೂ ಗುರುತು ಹಿಡಿಯುವಂತಾಗಿದ್ದ ದಿನಕರರು, "ಈ ಸಲ ವಿನಾಯಿತಿ ನನ್ನ ಕಿಸೆದಾಗ ಅದ" ಎಂದು ಎಲ್ಲರೆದುರು ಸಾರಿಬಿಟ್ಟಿದ್ದರು.

ಪಾಠ ಸರಳವಾಗಿತ್ತು. ಬಾಯಿಂದ ರೊಟ್ಟಿ ಹೊಟ್ಟೆಗೆ, ಮೂಗಿನಿಂದ ಗಾಳಿಯ ನೀಲಿ ಗುಳ್ಳೆ ಶ್ವಾಸಕೋಶಕ್ಕೆ. ಹೋಗುವ ದಾರಿಗೆ ಗೆರೆ ಎಳೆದರೆ ಸಾಕು, ಚಿತ್ರ ತಾನೇ ಆ ಗೆರೆಗುಂಟ ಓಡುತ್ತದೆ. ಆದರೆ ಎಳೆಯುವಾಗ ಕೈ ಜಾರಿ, ರೊಟ್ಟಿಯ ಗೆರೆ ಗಾಳಿಯ ಗೆರೆಯ ಅಡಿಯಲ್ಲೇ ಹೋಗಿ ಮಲಗಿತ್ತು. ಅದನ್ನು ಹಿಡಿಯಲು ಒತ್ತಿದಾಗಲೆಲ್ಲ ಮೇಲಿದ್ದ ಗಾಳಿಯದೇ ಕೈಗೆ ಬರುತ್ತಿತ್ತು.

"ಗಟ್ಟಿ ಒತ್ರಿ ಸರ್," ಎಂದ ಬೆನ್ನ ಹಿಂದಿನಿಂದ ಪಿ.ಟಿ. ಮಾಸ್ತರ ಮಡಿವಾಳೆಪ್ಪ. "ಕಬಡ್ಡಿಯೊಳಗ ಕಾಲ ಹಿಡದಂಗ ಹಿಡದ ಎಳೀರಿ."

ದಿನಕರರು ಎಳೆದರು. ಗಾಳಿ ಹೊಟ್ಟೆಗೆ ಹೋಯಿತು.

"ಗ್ಯಾಸ್ ಆತ್ರಿ," ಎಂದ ಮಡಿವಾಳೆಪ್ಪ.

ಮುಖ್ಯೋಪಾಧ್ಯಾಯಿನಿ ಮಥುರಾಬಾಯಿಯವರು ಕನ್ನಡಕ ಏರಿಸಿ ಬಂದರು. "ಎರಡನ್ನೂ ಕೂಡಿಸಿ ಹಿಡದು ಸರಸ್ರಿ, ದಿನಕರ. ಇಷ್ಟಕ್ಕ್ಯಾಕ ಇಷ್ಟು ವ್ಯಾಳ್ಯಾ?"

ಸರಿಸಿದರು. ರೊಟ್ಟಿಯೂ ಗಾಳಿಯೂ ನವದಂಪತಿಗಳಂತೆ ಜೋಡಿಯಾಗಿ ಕಿವಿಯಿಂದ ಹೊರಬಿದ್ದವು.

ದಿನಕರರು ತಿದ್ದಿದ್ದನ್ನೆಲ್ಲ ರದ್ದು ಮಾಡಿದರು. ರೊಟ್ಟಿ ಮತ್ತೆ ಶ್ವಾಸಕೋಶಕ್ಕೇ ಹೊರಟಿತು. "ಊಟಾ ಮಾಡಿ ಬಂದು ಐದು ಮಿನಿಟಿನಾಗ ಮುಗಸ್ತೀನಿ" ಎಂದು ಗತ್ತಿನಿಂದಲೇ ಎದ್ದುಹೋದರು.

ಆ ಐದು ಮಿನಿಟು ಮಧ್ಯಾಹ್ನ ಮೂರರವರೆಗೆ ಬೆಳೆಯಿತು. ಚಹಾದ ಕಪ್ಪು ಒಯ್ಯಲು ಬಂದ ಅಡುಗೆಯ ಗೌಸಬಿ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಯಾಕ ಅದರ ಜೋಡಿ ಗುದ್ದಾಡ್ತೀರಿ ಸರ್? ಮ್ಯಾಲಿನ ತಾಟ ತಗದು ಬಾಜುಕಿಟ್ರ ಕೆಳಗಿಂದು ಸಿಗತೈತಲ್ರಿ."

ದಿನಕರರ ಕಣ್ಣು ಪರದೆಯ ಕೆಳಗಿದ್ದ ಪಟ್ಟಿಯತ್ತ ಓಡಿತು. ಅಲ್ಲಿ ಪ್ರತಿ ಚಿತ್ರದ ಹೆಸರಿನ ಮುಂದೆ ಪುಟ್ಟದೊಂದು ಕಣ್ಣಿನ ಗುರುತು. 'ಗಾಳಿ'ಯ ಕಣ್ಣು ಒತ್ತಿದರು. ಗಾಳಿ, ಅದರ ಗೆರೆ ಎರಡೂ ಮಾಯ! ಒಂಟಿಯಾಗಿ ಸಿಕ್ಕ ರೊಟ್ಟಿಯ ಗೆರೆಯನ್ನು ಹಿಡಿದು ಹೊಟ್ಟೆಗೆ ತಿರುಗಿಸಿ, ಗಾಳಿಯನ್ನು ವಾಪಸ್ಸು ಕರೆದರು. ರೊಟ್ಟಿ ಹೊಟ್ಟೆಗೆ, ಗಾಳಿ ಶ್ವಾಸಕೋಶಕ್ಕೆ. ಇಡೀ ಕೋಣೆ ಚಪ್ಪಾಳೆ ತಟ್ಟಿತು.

"ಇದು ನನಗ ಗೊತ್ತ ಇತ್ತು," ಎಂದರು ದಿನಕರರು.

ಮೂರೂ ನಲವತ್ತಕ್ಕೆ ಕಳಿಸಲು ಹೋದರೆ ಪರದೆಯ ಮೇಲೆ ಒಂದು ಸಾಲು ಮೂಡಿತು: 'ನಿಮ್ಮ ಶಾಲೆಯ ಪಾಠ ಈಗಾಗಲೇ ಸ್ವೀಕೃತವಾಗಿದೆ.'

"ಅದನ್ನ ಕಳಿಸಿದಾಂವ ನಾನರಿ," ಎಂದ ಮಡಿವಾಳೆಪ್ಪ ಸಂತೋಷದಿಂದ. "ನೀವು ಊಟಕ್ಕ ಹೋದಾಗ ನೆಟ್ ಛಲೋ ಬಂದಿತ್ರಿ. ಮತ್ತ ಹೋದೀತಂತ ಕಳಿಸಿಬಿಟ್ಟೆ. ನೀವು ತಿದ್ದಾಕ ಕುಂತಿದ್ರಿ, ನಡಬರಕ ಯಾಕ ಮಾತಾಡೂದಂತ ಸುಮ್ಮನಿದ್ದೆ."

ಶ್ವಾಸಕೋಶದ ರೊಟ್ಟಿ ತಾಲೂಕಿಗೆ ಮುಟ್ಟಿಯಾಗಿತ್ತು.

ಐದು ಗಂಟೆಗೆ ಎಲ್ಲರೂ ಬಸ್ಸಿಗೆ ಹೊರಟಾಗ ಮಥುರಾಬಾಯಿಯವರಿಗೆ ತಾಲೂಕಿನಿಂದ ಫೋನು ಬಂತು. ಮಾತು ಮುಗಿಸಿದವರ ಮುಖ ಊರಗಲವಾಗಿತ್ತು.

"ನಮ್ಮ ಪಾಠ ಆಯ್ಕಿ ಆಗ್ಯದ! ತುತ್ತು ದಾರಿ ತಪ್ಪಿದ್ರ ಏನಾಗತದ ಅಂತ ಇಷ್ಟು ಸ್ಪಷ್ಟ ಯಾರೂ ತೋರಿಸಿಲ್ಲಂತ. ಪ್ರಥಮ ಚಿಕಿತ್ಸಾದ ಪಾಠ ಅಂತ ಎಲ್ಲಾ ಸಾಲ್ಯಾಗೂ ತೋರಸತಾರಂತ."

ದಿನಕರರು ಕಾಲರು ಸರಿಮಾಡಿಕೊಂಡರು. "ಅದನ್ನ ಬೇಕಂತನ ಹಂಗ ಮಾಡಿದ್ದೆ, ಬಾಯಾರ. ವಿನಾಯಿತಿ?"

"ಕೊಟ್ಟಾರ. ಪಾಠ ಕಳಿಸಿದವರಿಗೆ."

ಮಡಿವಾಳೆಪ್ಪ ತಲೆ ಕೆರೆದುಕೊಂಡ. "ಕಳಿಸಾವರ ಹೆಸರ ಕೇಳಿತ್ರಿ ಅದು. ಕಳಸಾಕತ್ತಾಂವ ನಾನು. ನಂದ ಬರದೆ."

"ಸಮೀಕ್ಷಾದಾಗ ಮಡಿವಾಳೆಪ್ಪನ ಪಾಲಿನ ಎರಡು ಓಣಿ ನಿಮಗ ಕೂಡಿಸ್ಯಾರ, ದಿನಕರ," ಎಂದರು ಮಥುರಾಬಾಯಿ.

ಮಡಿವಾಳೆಪ್ಪ ದಿನಕರರ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು.

"ನಿಮ್ಮ ಉಪಕಾರ ಮರಿಯಂಗಿಲ್ರಿ ಸರ್. ಇನ್ನೊಂದ ಉಪಕಾರ ಮಾಡ್ರಿ. ತಾಲೂಕಿನವರು ಈಗ ನನಗ ಮೆಸೇಜ್ ಹಾಕ್ಯಾರ, ಸೋಮವಾರ ನಾ ಎಲ್ಲಾ ಮಾಸ್ತರಗೋಳಿಗೆ ಇದನ್ನ ಹ್ಯಾಂಗ ಮಾಡಿದೆ ಅಂತ ಕಲಿಸಬೇಕಂತ. ರವಿವಾರ ನಿಮ್ಮ ಮನಿಗೆ ಬರ್ತೀನಿ, ಸ್ವಲ್ಪ ಹೇಳಿಕೊಡ್ರಿ."