ಖಾಲಿ ಮೈದಾನದ ತಪಾಸಣೆ

ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂಬ ದೃಢವಾದ ನಂಬಿಕೆಯೊಂದು ಈ ಬೇಸಿಗೆಯವರೆಗೂ ನನ್ನಲ್ಲಿತ್ತು. ಅದು ಸುಳ್ಳೇನೂ ಆಗಲಿಲ್ಲ. ಟೋಪಿಯನ್ನು ನಾನೇ ಹಾಕಿಕೊಂಡೆ, ಅಷ್ಟೆ!

ನಾನು ಸೌದಿಯ ದಹ್ರಾನಿನಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಪೈಪಿಗೆ ಪೈಪು ಬೆಸೆದವನು "ಫಸ್ಟ್ ಕ್ಲಾಸ್ ಸರ್" ಎನ್ನುತ್ತಾನೆ. ನಾನು ನಂಬುವುದಿಲ್ಲ. ಎಕ್ಸ್‌ರೇ ತೆಗೆಸುತ್ತೇನೆ. ಎಕ್ಸ್‌ರೇ ಸರಿಯಾಗಿ ಬಂದರೆ ಅದನ್ನು ತೆಗೆದವನ ಮೇಲೆ ಅನುಮಾನಪಡುತ್ತೇನೆ. ಅನುಮಾನಕ್ಕೇ ಸಂಬಳ ಕೊಡುವ ಕೆಲಸ ಎಷ್ಟು ಜನರಿಗೆ ಸಿಗುತ್ತದೆ ಹೇಳಿ!

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. "ಎಸಿಯಲ್ಲಿ ಕೂತು ಮಾಡುವ ಕೆಲಸ, ನೂರಕ್ಕೆ ನೂರು ಗ್ಯಾರಂಟಿ" ಎಂದು ಏಜೆಂಟ್ ಹೇಳಿದ್ದನ್ನು ನಂಬಿ ನಾನು ಮೊದಲು ಬಂದಿಳಿದದ್ದು ಇಲ್ಲಿಯ ಇನ್ನೊಂದು ಊರಾದ ಅಲ್ ಖಫ್ಜಿಗೆ. ಅಲ್ಲಿ ಎಸಿ ಇದ್ದದ್ದು ನಿಜ. ಕೆಲಸಕ್ಕಿಟ್ಟುಕೊಂಡ ಧಣಿ ಕಫೀಲನ ಕಾರಿನಲ್ಲಿ! ಅಂದಿನಿಂದ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯೇ ನನ್ನ ಇಷ್ಟಮಂತ್ರ. ಮೊಟ್ಟೆಯನ್ನು ನೀರಿನಲ್ಲಿ ಮುಳುಗಿಸಿ ನೋಡುತ್ತೇನೆ, ಜೇನುತುಪ್ಪದಲ್ಲಿ ಬೆಂಕಿಕಡ್ಡಿ ಅದ್ದಿ ಗೀರಿ ನೋಡುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತದೆ ಬ್ಲಾಕ್ ಮಾಡುತ್ತೇನೆ. "ಮದುವೆಗೆ ಮುಂಚೆ ನನ್ನ ಎಕ್ಸ್‌ರೇ ತೆಗೆಸ್ಲಿಲ್ಲ ಇವರು, ಅದೇ ನನ್ನ ಪುಣ್ಯ" ಎಂದು ನನ್ನ ಹೆಂಡತಿ ಶೋಭಾ ಬಂದವರೆದುರು ಹೇಳುವುದುಂಟು.

ಇಂಥ ಮನೆಯಲ್ಲಿ ನಮ್ಮ ಒಬ್ಬಳೇ ಮಗಳು ನಿಧಿ, ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಸಿದವಳೇ, ಊಟದ ನಡುವೆ ಹೇಳಿದಳು: "ಪಪ್ಪಾ, ನಾನು ಆರ್ಮಿ ಆಫೀಸರ್ ಆಗ್ಬೇಕು."

ನನ್ನ ಮೀನಿನ ಮುಳ್ಳು ಗಂಟಲಲ್ಲೇ ನಿಂತಿತು.

ಅವಳ ಯೋಜನೆ ತಯಾರಾಗಿತ್ತು. ಊರಿಗೆ ಹೋಗಿ ಡಿಗ್ರಿ ಓದುವುದು. ಜೊತೆಗೆ ಕಾಲೇಜಿನ ಎನ್‌ಸಿಸಿ ಸೇರಿ, ಮೂರು ವರ್ಷ ಪರೇಡ್ ಮಾಡಿ, 'ಸಿ' ಸರ್ಟಿಫಿಕೇಟ್ ಪಡೆಯುವುದು. ಒಳ್ಳೆಯ ಗ್ರೇಡಿದ್ದರೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಸೇನೆಯ ಇಂಟರ್‌ವ್ಯೂಗೆ ಅರ್ಜಿ ಹಾಕಬಹುದಂತೆ. ಹಾಗಾಗಿ ಎನ್‌ಸಿಸಿ ಗಟ್ಟಿಯಿರುವ ಕಾಲೇಜೇ ಆಗಬೇಕು. ಮಂಗಳೂರಿನ ಹತ್ತಿರ ಗುಡ್ಡದ ಮೇಲಿನ ಒಂದು ಹೆಣ್ಣುಮಕ್ಕಳ ಕಾಲೇಜು ಅವಳಿಗೆ ಸೀಟನ್ನೂ ಕೊಟ್ಟಾಗಿತ್ತು.

ನನಗೆ ಮೊದಲ ಅನುಮಾನ ಬಂದದ್ದು ಮಗಳ ಮೇಲೆಯೇ. ಕಸದ ಚೀಲ ಹೊರಗಿಡಲಿಕ್ಕೂ ಸನ್‌ಸ್ಕ್ರೀನ್ ಹಚ್ಚುವ ಹುಡುಗಿ ಇವಳು! ಆದರೆ ಕೆಲವು ದಿನಗಳಿಂದ ಬಿಸಿಲೇರುವ ಮುಂಚೆ ಎದ್ದು ನಮ್ಮ ಕ್ಯಾಂಪಿನ ಗೋಡೆಯುದ್ದಕ್ಕೂ ಓಡುತ್ತಿದ್ದಳು. ಬೆವರಿಳಿಸಿಕೊಂಡು ಬಂದು ಅಡುಗೆಮನೆಯಲ್ಲಿ ನಿಂತೇ ನೀರು ಕುಡಿಯುತ್ತಿದ್ದಳು. ಅವಳ ಮುಖದಲ್ಲಿ ಆಗ ಇರುತ್ತಿದ್ದ ಖುಷಿಯನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಈ ಹುಡುಗಿ ನಿಜಕ್ಕೂ ಹೋಗುತ್ತಾಳೆ!

"ಆಗಲಿ. ಆದರೆ ಕಾಲೇಜುಗಳನ್ನು ಹೋಲಿಸಿ ನೋಡುವ ಜವಾಬ್ದಾರಿ ನನ್ನದು" ಎಂದು ಘೋಷಿಸಿದೆ.

"ಪಪ್ಪಾ, ಪ್ಲೀಸ್. ಐ ಹ್ಯಾವ್ ಆಲ್‌ರೆಡಿ ಚೆಕ್ಡ್" ಎಂದಳು ನಿಧಿ.

"ನೀನು ಚೆಕ್ ಮಾಡಿದ್ದನ್ನು ನಾನು ಚೆಕ್ ಮಾಡ್ತೇನೆ!"

ಮೊದಲು ಫೋನಾಯಿಸಿದ ಕಾಲೇಜಿನವನು ಬಹಳ ವಿನಯವಂತ. ಎನ್‌ಸಿಸಿಯಲ್ಲಿ ಆರ್ಮಿ ವಿಭಾಗ ಉಂಟಾ? "ಉಂಟು ಸರ್." ನೇವಿ? "ಉಂಟು ಸರ್." ಏರ್? "ಎಲ್ಲ ಉಂಟು ಸರ್." ನನಗೆ ವಾಸನೆ ಬಡಿಯಿತು. "ಸಬ್‌ಮರೀನ್ ಉಂಟಾ?" ಎಂದು ಕೇಳಿದೆ. "ಅದು ಮುಂದಿನ ವರ್ಷ ಬರ್ತದೆ ಸರ್" ಎಂದ! ರಿಜೆಕ್ಟ್.

ಎರಡನೆಯ ಕಾಲೇಜಿನ ವೆಬ್‌ಸೈಟಿನಲ್ಲಿ ಕೆಡೆಟ್‌ಗಳ ಸಾಲು ಚೆನ್ನಾಗಿಯೇ ಇತ್ತು. ಆದರೆ ಅವರ ಹಿಂದೆ ಹಿಮದ ಬೆಟ್ಟ. ಕಾಲೇಜು ಇರುವುದು ಕಾರ್ಕಳದ ಕಡೆ! ರಿಜೆಕ್ಟ್.

ಉಳಿದದ್ದು ಗುಡ್ಡದ ಕಾಲೇಜು. ಅಲ್ಲಿ ಎನ್‌ಸಿಸಿ ನೋಡಿಕೊಳ್ಳುವವರು ಇತಿಹಾಸದ ಲೆಕ್ಚರರ್, ಲೆಫ್ಟಿನೆಂಟ್ ವನಜಾ ಮೇಡಂ. ಕಾಲೇಜಿನ ಆಫೀಸಿನ ಫೋನಿಗೆ ಅವರನ್ನು ಕರೆಸಿ ಮಾತಾಡಿದೆ. "ಸೀಟು ಕಡಿಮೆ ಸರ್. ಕಾಲೇಜಿಗೆ ಸೇರಿದ ಮೇಲೆ ಓಡಿಸಿ ನೋಡ್ತೇವೆ. ಗಟ್ಟಿ ಇದ್ದರೆ ತಗೊಳ್ತೇವೆ. ಗ್ಯಾರಂಟಿ ಎಲ್ಲ ಕೊಡ್ಲಿಕ್ಕೆ ಆಗುದಿಲ್ಲ" ಎಂದರು.

ಗ್ಯಾರಂಟಿ ಕೊಡುವವರು ಮೋಸಗಾರರು ಎಂದು ಖಫ್ಜಿಯಲ್ಲಿ ಕಲಿತವನು ನಾನು. ಗ್ಯಾರಂಟಿಯೇ ಕೊಡದವರು ಅವರಿಗಿಂತ ಪಳಗಿದ ಮೋಸಗಾರರಲ್ಲವೇ?

"ಪರೇಡ್ ಯಾವಾಗ ಮೇಡಂ?" ಎಂದು ಜಾಣತನದಿಂದ ಕೇಳಿದೆ.

"ರಜೆ ದಿನ ಬೆಳಿಗ್ಗೆ ಏಳಕ್ಕೆ ಸರ್. ಕ್ಲಾಸಿಗೆ ತೊಂದರೆ ಆಗ್ಬಾರ್ದಲ್ಲ."

ಸಿಕ್ಕಿತು! ತಪಾಸಣೆಗೆ ಒಂದು ಸ್ಥಳ, ಒಂದು ಹೊತ್ತು. ಇನ್‌ಸ್ಪೆಕ್ಟರನಿಗೆ ಇನ್ನೇನು ಬೇಕು?

ಗುಪ್ತ ಕಾರ್ಯಾಚರಣೆಗೆ ಮಂಗಳೂರಿನಲ್ಲಿರುವ ಶೋಭಾಳ ತಮ್ಮ ಸುರೇಶನನ್ನು ನೇಮಿಸಿದೆ. ಮೊಬೈಲ್ ರಿಪೇರಿ ಅಂಗಡಿಯವನು, ಭಾವನ ಮಾತಿಗೆ ಎದುರಾಡದವನು. "ಸುರೇಶಾ, ನಾನು ಹೇಳಿದ ದಿನ ಬೆಳಿಗ್ಗೆ ಏಳಕ್ಕೆ ಆ ಕಾಲೇಜಿನ ಮೈದಾನದ ಬೇಲಿ ಹತ್ತಿರ ನಿಂತು ವಿಡಿಯೋ ಕಾಲ್ ಮಾಡ್ಬೇಕು. ಯಾಕೆ ಅಂತ ಕೇಳ್ಬೇಡ" ಎಂದೆ.

"ಆಯ್ತು ಭಾವ" ಎಂದ.

ರಜೆಯ ದಿನ ಬಂತು. ಊರಿನ ಏಳು ಗಂಟೆ ಎಂದರೆ ನಮಗಿಲ್ಲಿ ನಾಲ್ಕೂವರೆ. ತಾಯಿ ಮಗಳು ಮಲಗಿದ್ದರು. ನಾನು ಹಾಲಿನಲ್ಲಿ ಫೋನ್ ಹಿಡಿದು ಕುಳಿತೆ. ತೆರೆಯ ಮೇಲೆ ಮೈದಾನ ಕಾಣಿಸಿತು. ಒಂದು ನಾಯಿ ಮಲಗಿತ್ತು. ದೂರದಲ್ಲಿ ಒಬ್ಬ ಹುಲ್ಲು ಕತ್ತರಿಸುತ್ತಿದ್ದ.

"ಕೆಡೆಟ್‌ಗಳು ಎಲ್ಲಿ?"

"ಇಲ್ಲಿ ಯಾರೂ ಇಲ್ಲ ಭಾವ. ನಾಯಿ ಹತ್ತಿರ ಹೋಗ್ಬೇಕಾ?"

ಮುಂದಿನ ವಾರವೂ ಅದೇ ದಿನ ಕಳಿಸಿದೆ. ಅದೇ ನಾಯಿ. ಸುರೇಶನನ್ನು ಒಂಬತ್ತರವರೆಗೂ ಅಲ್ಲಿಯೇ ನಿಲ್ಲಿಸಿದೆ. "ಭಾವ, ಈಗ ಮಕ್ಕಳೆಲ್ಲ ಬ್ಯಾಗ್ ಹಾಕ್ಕೊಂಡು ಕ್ಲಾಸಿಗೆ ಹೋಗ್ತಾ ಇದ್ದಾರೆ" ಎಂದ. ನನ್ನ ರಕ್ತ ಕುದಿಯಿತು. ರಜೆಯ ದಿನವೂ ಕ್ಲಾಸ್ ಇಟ್ಟು ಪರೇಡನ್ನೇ ನುಂಗಿ ನೀರು ಕುಡಿದಿದ್ದಾರೆ!

ಕುಳಿತಲ್ಲೇ ಕಾಲೇಜಿಗೆ ಇಮೇಲ್ ಬರೆದೆ. ನಮ್ಮ ಸೈಟಿನ ಭಾಷೆಯಲ್ಲೇ ಬರೆದೆ. 'ಸ್ಥಳ ಪರಿಶೀಲನೆಯಲ್ಲಿ ಗಂಭೀರ ಲೋಪಗಳು ಕಂಡುಬಂದಿರುವ ಕಾರಣ ತಮ್ಮ ಸೀಟನ್ನು ಈ ಮೂಲಕ ತಿರಸ್ಕರಿಸಲಾಗಿದೆ.' ಓದಿದಾಗ ನನಗೇ ನನ್ನ ಮೇಲೆ ಗೌರವ ಬಂತು.

ಆ ಗೌರವ ಮನೆಯಲ್ಲಿ ಬೇರೆ ಯಾರಿಗೂ ಬರಲಿಲ್ಲ. "ಸೀಟು ಬೇಡ ಅಂತ ಬರೆದ್ರಾ? ಅವಳನ್ನು ಒಂದು ಮಾತು ಕೇಳದೆ?" ಎಂದಳು ಶೋಭಾ. ನಿಧಿ ಅಳಲಿಲ್ಲ. ಶೂ ಬಿಚ್ಚಿ ಕಪಾಟಿನೊಳಗೆ ಇಟ್ಟಳು. "ಎವ್ರಿಥಿಂಗ್ ಈಸ್ ರಿಜೆಕ್ಟೆಡ್ ಇನ್ ದಿಸ್ ಹೌಸ್" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಓಟ ನಿಂತಿತು. ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುವ ಆ ಮುಖವೂ ಕಾಣಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಆ ವಾರವಿಡೀ ಊರಿನ ಯಾವುದೋ ಮೊಬೈಲ್ ನಂಬರಿನಿಂದ ಫೋನು ಬೇರೆ. ಸಾಲ ಕೊಡುವವರಿರಬೇಕು. ಬ್ಲಾಕ್ ಮಾಡಿದೆ.

ಮನೆಯವರ ಬಾಯಿ ಮುಚ್ಚಿಸಲು ಕೊನೆಯ ಸಾಕ್ಷಿ ಬೇಕೆಂದು ಸುರೇಶನನ್ನು ಮೂರನೆಯ ಸಲ ಕಳಿಸಿದೆ. ಈ ಸಲ ತಾಯಿ ಮಗಳನ್ನೂ ಎಬ್ಬಿಸಿ ಸೋಫಾದಲ್ಲಿ ಕೂರಿಸಿದೆ. "ನಿಮ್ಮ ಕಣ್ಣಲ್ಲೇ ನೋಡಿ!" ಎಂದೆ.

ನಾಯಿ ಕಾಣಿಸಿತು. ಮರುಗಳಿಗೆ ಆಕಾಶ ಕಾಣಿಸಿತು. ಆಮೇಲೆ ಒಂದು ಖಾಕಿ ತೋಳು.

"ಮೂರು ವಾರದಿಂದ ನೋಡ್ತಾ ಇದ್ದೇನೆ ನಿನ್ನನ್ನು! ಹೆಣ್ಣುಮಕ್ಕಳ ಕಾಲೇಜಿನ ಬೇಲಿ ಹತ್ತಿರ ಎಂತ ವಿಡಿಯೋ ನಿಂದು?" ವಾಚ್‌ಮನ್ ಸುರೇಶನ ಕೊರಳಪಟ್ಟಿ ಹಿಡಿದಿದ್ದ.

"ಅಯ್ಯೋ, ಬಿಡಿ ಮಾರಾಯ್ರೆ! ನಮ್ಮ ಭಾವ ಹೇಳಿದ್ದು! ಸೌದಿಯಲ್ಲಿದ್ದಾರೆ!"

ಆ ಉತ್ತರದಿಂದ ಅವನ ಅನುಮಾನ ಇನ್ನೂ ಬಲವಾಯಿತು. ಸುರೇಶನನ್ನು ಆಫೀಸಿನ ಬೆಂಚಿನ ಮೇಲೆ ಕೂರಿಸಿ ಕಾಯ್ದ. ಮೇಡಂ ಬಂದ ಮೇಲೆ ಸುರೇಶ ಮತ್ತೆ ಫೋನ್ ಮಾಡಿದ. ತೆರೆಯ ಮೇಲೆ ಸೀರೆಯುಟ್ಟ ವನಜಾ ಮೇಡಂ. ಈ ಕಡೆ ಲುಂಗಿ ಬನಿಯನ್ನಿನಲ್ಲಿ ನಾನು. ಆದರೂ ಧೈರ್ಯ ಬಿಡಲಿಲ್ಲ.

"ಮೇಡಂ, ಪ್ರತಿ ವಾರ ನೋಡ್ತಾ ಇದ್ದೇನೆ. ರಜೆ ದಿನ ಪರೇಡ್ ಅಂತ ಹೇಳಿದ್ರಿ. ಒಂದು ದಿನವಾದರೂ ಪರೇಡ್ ಉಂಟಾ? ಒಬ್ಬ ಕೆಡೆಟ್ ಉಂಟಾ?"

ಮೇಡಂ ಕೇಳಿದರು: "ಸರ್, ಇವತ್ತು ಯಾವ ವಾರ?"

"ಶುಕ್ರವಾರ! ಅಷ್ಟೂ ಗೊತ್ತಿಲ್ವಾ ನನಗೆ?"

"ಸರ್, ಇಲ್ಲಿ ರಜೆ ಭಾನುವಾರ."

ಸೌದಿಯಲ್ಲಿ ವಾರದ ರಜೆ ಶುಕ್ರವಾರ. ಇಷ್ಟು ವರ್ಷ ಶುಕ್ರವಾರ ಬಟ್ಟೆ ಒಗೆದು, ಶುಕ್ರವಾರ ತಲೆಗೆ ಎಣ್ಣೆ ಹಚ್ಚಿ, ಶುಕ್ರವಾರ ಕೋಳಿ ತಿಂದು, ಜಗತ್ತಿಗೆಲ್ಲ ಶುಕ್ರವಾರವೇ ರಜೆ ಎಂದು ನನ್ನ ಮೈಗೆ ಅಭ್ಯಾಸವಾಗಿತ್ತು. ಪೈಪಿನ ಕೂದಲೆಳೆಯ ಬಿರುಕು ಹಿಡಿಯುವ ಕಣ್ಣಿಗೆ ಇಡೀ ಭಾನುವಾರ ಕಾಣಲಿಲ್ಲ!

ಸೋಫಾದಲ್ಲಿ ಶೋಭಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಿಧಿ ಮಾತ್ರ ನಗಲಿಲ್ಲ. "ಮೇಡಂ, ನನ್ನ ಸೀಟು ಹೋಯ್ತಾ?" ಎಂದು ನನ್ನ ಹೆಗಲ ಹಿಂದಿನಿಂದ ಕೇಳಿದಳು. ಆ ದನಿ ಕೇಳಿ ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

"ನಿಧಿ ಅಂದ್ರೆ ನೀನಾ? ಆ ಇಮೇಲ್ ನೋಡಿ ನನಗೆ ಅನುಮಾನ ಬಂತು ಮಗಾ. ಇಷ್ಟು ಆಸೆಯಿಂದ ಅರ್ಜಿ ಹಾಕಿದ ಹುಡುಗಿ, ಬೇಡ ಅಂತ ಯಾಕೆ ಬರೆಸ್ತಾಳೆ? ಆಫೀಸಿಗೆ ಹೇಳಿ ತಡೆದಿಟ್ಟೆ. ಕೇಳುವ ಅಂತ ನನ್ನ ಮೊಬೈಲಿಂದ ನಿನ್ನ ಅಪ್ಪನಿಗೆ ಫೋನ್ ಮಾಡಿದ್ದೇ ಮಾಡಿದ್ದು, ಎತ್ತುದೇ ಇಲ್ಲ!" ಆಮೇಲೆ ನನ್ನ ಕಡೆ ತಿರುಗಿ ಶಾಂತವಾಗಿ ಹೇಳಿದರು: "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಸರ್."

ನನ್ನ ಇಷ್ಟಮಂತ್ರ! ಅದನ್ನೂ ನನ್ನ ಮೇಲೆಯೇ ಪ್ರಯೋಗಿಸಿದರು!

ಮೇಡಂ ಹೋದ ಮೇಲೆ ಸುರೇಶನ ಮೇಲೆ ಹರಿಹಾಯ್ದೆ. "ನಿನಗಾದರೂ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ, ಇವತ್ತು ರಜೆ ಅಲ್ಲ ಅಂತ?"

"ಯಾಕೆ ಅಂತ ಕೇಳ್ಬೇಡ ಅಂದದ್ದು ನೀವೇ ಅಲ್ವಾ ಭಾವ? ರಜೆ ಇಲ್ಲದ ದಿನ ಮೈದಾನದಲ್ಲಿ ಎಂತ ನಡೀತದೆ ಅಂತ ನೀವು ನೋಡುದು ಅಂತ ಎಣಿಸಿದೆ. ನಿಮ್ಮ ಅನುಮಾನದ ಆಳ ನಮಗೆಲ್ಲ ಗೊತ್ತಾಗುದಿಲ್ಲ."

ನಿಧಿ ಆಗಲೇ ಕಪಾಟಿನಿಂದ ಶೂ ತೆಗೆದು ಲೇಸು ಕಟ್ಟುತ್ತಿದ್ದಳು. ಹೊರಗೆ ಬಿಸಿಲೇರಿತ್ತು. "ಸಂಜೆ ಓಡು" ಎಂದೆ. ಕೇಳಲಿಲ್ಲ.

ಅವಳು ಊರಿಗೆ ಹೋಗಿ ಕಾಲೇಜು ಸೇರಿದಳು. ಎನ್‌ಸಿಸಿ ಆಯ್ಕೆಯ ಓಟ ಒಂದು ಭಾನುವಾರ ಬೆಳಿಗ್ಗೆ. ಅದು ಭಾನುವಾರವೇ ಎಂದು ಕ್ಯಾಲೆಂಡರ್ ನೋಡಿದೆ, ಶೋಭಾಳನ್ನು ಕೇಳಿದೆ, ಸೈಟಿನ ಡ್ರೈವರನನ್ನೂ ಕೇಳಿದೆ. ಸುರೇಶ ಅದೇ ಬೇಲಿಯ ಹತ್ತಿರ ನಿಂತು ಫೋನ್ ಹಿಡಿದ. ಪಕ್ಕದಲ್ಲಿ ವಾಚ್‌ಮನ್ ಹಲ್ಲು ಕಿರಿದು ಕೈ ಬೀಸಿದ.

ಮೈದಾನದ ತುಂಬ ಜನ! ಒಂದು ಕಡೆ ಖಾಕಿಯ ಸಾಲುಗಳು, ಇನ್ನೊಂದು ಕಡೆ ಬಿಳಿ ಟೀ ಶರ್ಟಿನ ಹುಡುಗಿಯರ ಓಟ. ನಮ್ಮವಳು ಎಲ್ಲರಿಗಿಂತ ಮುಂದೆ! "ಓಡು ಮಗಾ! ಓಡು!" ಎಂದು ಹಾಲಿನಲ್ಲಿ ಕೂಗಿದೆ. ಕಣ್ಣಲ್ಲಿ ನೀರು ಬಂತು. ಅವಳು ಗೆರೆ ದಾಟಿದಾಗ ಸೋಫಾದ ಮೇಲೆ ಹತ್ತಿ ಕುಣಿದೆ.

"ಮಾರಾಯ್ರೆ, ಅದು ನಮ್ಮವಳಲ್ಲ. ನಮ್ಮವಳು ಅವಳ ಹಿಂದೆ ಬಂದವಳು" ಎಂದಳು ಶೋಭಾ.

ನಾನು ಮೆಲ್ಲಗೆ ಸೋಫಾದಿಂದ ಇಳಿದೆ.

ಮಧ್ಯಾಹ್ನ ಸೈಟಿನಲ್ಲಿ ಪೈಪಿನ ಕೆಳಗೆ ಬಾಗಿ ನಿಂತಿದ್ದಾಗ ಫೋನ್ ಬಂತು. ನಿಧಿಯ ಹೊಸ ನಂಬರು. ನಾನೇ ಬ್ಲಾಕ್ ಮಾಡಿ, ಶೋಭಾಳ ಕೈಯಲ್ಲಿ ಬೈಸಿಕೊಂಡು, ಮತ್ತೆ ತೆರೆದ ನಂಬರು. "ಪಪ್ಪಾ! ಸೆಲೆಕ್ಟ್ ಆದೆ! ಮೇಡಂ ಹೆಸರು ಓದಿದ್ರು!" ಎಂದು ಕಿರುಚಿದಳು.

ನನ್ನ ಎದೆ ತುಂಬಿ ಬಂತು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದೆ.

"ಸರಿಯಾಗಿ ಕೇಳಿಸಿಕೊಂಡೆಯಾ? ಬೇರೆ ನಿಧಿ ಯಾರಾದರೂ ಇರ್ಬಹುದು" ಎಂದೆ.